ಮನೆಯೊಳಗಣ ವಿಜ್ಞಾನ: ಗಿಟಾರಿನ ಪಿಕಪ್ಪು

ಬೆಂದೂರಿನಿಂದ ನಮ್ಮ ವಾಚಕರಾದ ಗೃಹಿಣಿಯೊಬ್ಬರು ಒಂದು ಕಾಗದವನ್ನು ಬರೆದಿದ್ದಾರೆ. ಅವರು ಕೇಳಿರುವ ಪ್ರಶ್ನೆಯು ನಮ್ಮೂರಿನ ಇನ್ನೂ ಹಲವು ಮನೆಗಳಲ್ಲಿ ಎದ್ದಿರಬಹುದಾದುದರಿಂದ ಈ ತಿಂಗಳ ಪುಟಗಳನ್ನು ಅದಕ್ಕೇ ಮೀಸಲಿಡುತ್ತೇವೆ. ಅವರ ಮೈದುನರು ಕುವೈತಿನಲ್ಲಿ ಉದ್ಯೋಗದಲ್ಲಿದ್ದಾಗ ಕೊಂಡು ತಂದಿದ್ದ ವಿದ್ಯುತ್ ಗಿಟಾರೊಂದು, ಅವರು ತೀರಿಕೊಂಡ ಬಳಿಕ, ಮನೆಯಲ್ಲಿ ಉಳಿದಿದೆಯಂತೆ. ಮಗನು ಇಗರ್ಜಿಯ ಗಾಯನವೃಂದದಲ್ಲಿ ಅದನ್ನು ನುಡಿಸುತ್ತಾನೆ. ಈಚೆಗೆ ಅವನು, ಇದರ ಪಿಕಪ್ಪುಗಳು ಕೆಟ್ಟುಹೋಗಿವೆ, ಹೊಸವನ್ನು ತರಿಸಲೇಬೇಕು ಎಂದು ಹಟ ಹಿಡಿದಿದ್ದಾನೆ. ತಂದೆಯವರಿಗೆ ಹಣದ ಚಿಂತೆ. ತಾಯಿಗೆ ಬೇರೊಂದು ಚಿಂತೆ: ಗತಿಸಿದವರ ಕೈಯಲ್ಲಿ ಕೇಳಿದ ಆ ನಾದವೇ ಗಿಟಾರಿನೊಳಗಿಂದ ಹೊರಟುಹೋದೀತೆಂದು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಒಳಗೆ ಒಂದು ತೀರ್ಮಾನವಾಗಬೇಕೆಂದು ಅವರು ಕೇಳಿಕೊಂಡಿದ್ದಾರೆ.

ಮಗನ ದೂರುಗಳು ಮೂರು. ಇಗರ್ಜಿಯಲ್ಲಿ ಆಂಪ್ಲಿಫಯರನ್ನು ಹಚ್ಚಿದೊಡನೆ ಗುಂಯ್ ಎಂಬ ಸದ್ದು ಬಿಡದೆ ಕೇಳುವುದು. ದಪ್ಪ ತಂತಿಗಳನ್ನು ಮೇಲಿನ ಮೆಟ್ಟಿಲುಗಳಲ್ಲಿ ಒತ್ತಿ ನುಡಿಸಿದರೆ ಸ್ವರವು ನೆಟ್ಟಗೆ ನಿಲ್ಲದೆ, ಎರಡು ಸ್ವರಗಳು ಒಟ್ಟಿಗೆ ಹೊರಟಂತೆ ಅಲುಗಾಡುವುದು. ಒಂದು ಪಿಕಪ್ಪಿನಿಂದ ಇನ್ನೊಂದಕ್ಕೆ ಬದಲಿಸಿದರೆ ದನಿಯು ಒಮ್ಮೆ ಅಬ್ಬರಿಸಿ ಒಮ್ಮೆ ಕ್ಷೀಣಿಸುವುದು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು: ಇವುಗಳಲ್ಲಿ ಕೊನೆಯ ಎರಡಕ್ಕೆ ಒಂದು ಕಾಸೂ ಬೇಡ, ಒಂದು ತಿರುಪುಳಿಯೂ, ಮಕ್ಕಳ ಕಂಪಾಸು ಪೆಟ್ಟಿಗೆಯ ಅಳತೆಗೋಲೂ, ಒಂದು ಸಂಜೆಯ ತಾಳ್ಮೆಯೂ ಸಾಕು. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ವಿಚಾರ ಬೇಕು.

ಪಿಕಪ್ಪೆಂದರೇನು? ಗಿಟಾರಿನ ತಂತಿಗಳ ಕೆಳಗೆ ಕಾಣುವ ಬೆರಳುದ್ದದ ಪಟ್ಟಿಯೇ ಅದು. ಅದರೊಳಗೆ ಒಂದು ಅಯಸ್ಕಾಂತವೂ, ಅದರ ಸುತ್ತ ತಲೆಗೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುವುವು. ಮೇಲಿರುವ ಉಕ್ಕಿನ ತಂತಿಯು ಅಯಸ್ಕಾಂತದ ಸನ್ನಿಧಿಯಲ್ಲಿ ತಾನೂ ಕಿಂಚಿತ್ ಅಯಸ್ಕಾಂತವಾಗುತ್ತದೆ. ಅದು ಕಂಪಿಸಿದಾಗ ಸುರುಳಿಯ ಮೂಲಕ ಹಾದುಹೋಗುವ ಕಾಂತಬಲವು ಹೆಚ್ಚುಕಡಿಮೆಯಾಗಿ, ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ವಿದ್ಯುತ್ತಿನ ಕಾರ್ಖಾನೆಗಳಲ್ಲಿ ತಿರುಗುವ ಮಹಾಯಂತ್ರಗಳಿಗೂ ಇದೇ ಮೂಲ. ಅಮೆರಿಕದಲ್ಲಿ ಜಾರ್ಜ್ ಬೋಶಾಂ ಎಂಬವನು 1930ರ ದಶಕದ ಆರಂಭದಲ್ಲಿ ರಿಕನ್‌ಬಾಕರನೊಡನೆ ಸೇರಿ ಇದನ್ನು ಗಿಟಾರಿಗೆ ಅಳವಡಿಸಿ, 1937ರಲ್ಲಿ ಪೇಟೆಂಟು ಪಡೆದನು. ಆ ಮೊದಲ ಗಿಟಾರು ಮಡಿಲಲ್ಲಿ ಅಡ್ಡಲಾಗಿ ಇಟ್ಟುಕೊಂಡು ನುಡಿಸುವ ಹವಾಯಿ ಮಾದರಿಯದು. ರೂಪವನ್ನು ಕಂಡವರು ಅದಕ್ಕೆ ಬಾಣಲೆಯೆಂದೇ ಹೆಸರಿಟ್ಟರು. ತುತ್ತೂರಿಗಳ ನಡುವೆ ಗಿಟಾರಿನ ದನಿ ಯಾರಿಗೂ ಕೇಳಿಸದಿದ್ದುದೇ ಈ ಪ್ರಯತ್ನಕ್ಕೆ ಕಾರಣ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪಿಕಪ್ಪು ಮೈಕಲ್ಲ. ಗಾಳಿಯಲ್ಲಿ ಬರುವ ದನಿಯನ್ನು ಅದು ಕೇಳುವುದಿಲ್ಲ. ಉಕ್ಕಿನ ಚಲನೆಯನ್ನು ಮಾತ್ರ ಅರಿಯುವುದು. ನೈಲಾನು ತಂತಿಯ ಗಿಟಾರಿಗೆ ಇದನ್ನು ಕಟ್ಟಿದರೆ ಅದು ಶುದ್ಧ ಕಿವುಡು. ಅಂತಹ ಗಿಟಾರಿಗೂ ಪಿಟೀಲಿಗೂ ಕುದುರೆಯ ಬಳಿ ಒತ್ತಡವನ್ನು ಗ್ರಹಿಸುವ ಬೇರೆ ಜಾತಿಯ ಪಿಕಪ್ಪುಂಟು, ಪೀಜೋ ಎನ್ನುವರು. ಒತ್ತಿದರೆ ವಿದ್ಯುತ್ತನ್ನು ಕೊಡುವ ಸ್ಫಟಿಕಗಳ ಗುಣವನ್ನು ಕ್ಯೂರಿ ಸೋದರರು 1880ರಲ್ಲಿ ತೋರಿಸಿದರು. ಅದರ ಮೇಲೆ ಇದು ನಿಂತಿದೆ. ಅಂಗಡಿಗೆ ಹೋದಾಗ ಈ ಭೇದವನ್ನು ಅರಿಯದೆ ಒಂದರ ಬದಲು ಇನ್ನೊಂದನ್ನು ತಂದವರುಂಟು.

ಇನ್ನು ನಾದದ ವಿಷಯ. ವೀಣೆಯನ್ನು ನುಡಿಸುವ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಕುದುರೆಗೆ ಒತ್ತಿ ಮೀಟಿದರೆ ದನಿಯು ಕಟುವಾಗಿಯೂ ತೆಳ್ಳಗೂ, ಕುದುರೆಯಿಂದ ದೂರ ಸರಿದು ಮೀಟಿದರೆ ತುಂಬಿಯೂ ಮೃದುವಾಗಿಯೂ ಬರುವುದು. ಪಿಕಪ್ಪು ಇರುವ ಸ್ಥಾನಕ್ಕೂ ಇದೇ ನಿಯಮ. ಕುದುರೆಯ ಹತ್ತಿರ ತಂತಿಯು ಕಡಿಮೆ ತೂಗುವುದು. ಅಲ್ಲಿ ಮೂಲಸ್ವರಕ್ಕಿಂತ ಅದರ ಮೇಲಿನ ಅಂಶಸ್ವರಗಳ ಪಾಲು ಹೆಚ್ಚು. ದಂಡಿಯ ಕಡೆಗೆ ಬಂದರೆ ತಂತಿಯ ಓಲಾಟವು ದೊಡ್ಡದು, ಮೂಲಸ್ವರವು ಪ್ರಧಾನ. ಆದುದರಿಂದಲೇ ಒಂದೇ ಗಿಟಾರಿಗೆ ಎರಡು ಮೂರು ಪಿಕಪ್ಪುಗಳನ್ನಿಟ್ಟು, ನಡುವೆ ಒಂದು ಸ್ವಿಚ್ಚನ್ನು ಕೊಟ್ಟಿರುವರು. 1954ರಲ್ಲಿ ಬಂದ ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರಿಗೆ ಮೂರು ಪಿಕಪ್ಪುಗಳಿದ್ದುವು; ಸ್ವಿಚ್ಚಿಗೆ ಮೂರೇ ನೆಲೆ. ನುಡಿಸುವವರು ಸ್ವಿಚ್ಚನ್ನು ಎರಡು ನೆಲೆಗಳ ನಡುವೆ ಸಿಕ್ಕಿಸಿ, ಎರಡು ಪಿಕಪ್ಪುಗಳು ಕೂಡಿದ ಹೊಸ ನಾದವನ್ನು ತಾವೇ ಕಂಡುಕೊಂಡರು. ಕಂಪನಿಯವರು ಐದು ನೆಲೆಯ ಸ್ವಿಚ್ಚನ್ನು ಕೊಟ್ಟುದು 1977ರಲ್ಲಿ! ಬಳಸುವವನು ಮಾಡುವವನಿಗಿಂತ ಮುಂದಿರುವುದು ಗಿಟಾರಿನಲ್ಲಿ ಮಾತ್ರವೇ ಅಲ್ಲವಷ್ಟೆ.

ಸುರುಳಿಯ ಸುತ್ತುಗಳು ಹೆಚ್ಚಿದಂತೆ ದನಿಯ ಬಲವು ಹೆಚ್ಚುವುದು, ಹೊಳಪು ಕುಂದುವುದು. ಸ್ಟ್ರಾಟೋಕ್ಯಾಸ್ಟರಿನ ಒಂದು ಸುರುಳಿಯಲ್ಲಿ ಸುಮಾರು 7,500ರಿಂದ 8,000 ಸುತ್ತುಗಳಿರುವುವು. ಅದರ ವಿದ್ಯುದ್ರೋಧವು ಸುಮಾರು 6 ಕಿಲೋಓಮ್. ಅಂಗಡಿಯವರು ಈ ರೋಧದ ಅಂಕಿಯನ್ನೇ ಎತ್ತಿ ತೋರಿಸಿ, ಇದು 14, ಅದು 7, ಆದುದರಿಂದ ಇದು ಇಮ್ಮಡಿ ಮೇಲು ಎಂದು ಹೇಳುವುದುಂಟು. ಇದು ಅಕ್ಕಿಯ ಚೀಲದ ತೂಕವನ್ನು ನೋಡಿ ಅನ್ನದ ರುಚಿಯನ್ನು ಹೇಳಿದಂತೆ. ತಂತಿಯು ಇನ್ನೂ ತೆಳ್ಳಗಾದರೂ ರೋಧ ಏರುವುದು; ಅಯಸ್ಕಾಂತದ ಜಾತಿ, ಸುರುಳಿಯ ಅಗಲ ಎತ್ತರ, ಇವೆಲ್ಲ ಆ ಅಂಕಿಯಲ್ಲಿ ಕಾಣುವುದಿಲ್ಲ. ಅಯಸ್ಕಾಂತಗಳಲ್ಲಿ ಮುಖ್ಯವಾದುವು ಎರಡು. ಅಲ್ಯುಮಿನಿಯಮ್, ನಿಕ್ಕಲ್, ಕೋಬಾಲ್ಟುಗಳನ್ನು ಕಬ್ಬಿಣದೊಡನೆ ಬೆರಸಿದ ಆಲ್ನಿಕೋ ಒಂದು, ಸಿರಾಮಿಕ್ ಇನ್ನೊಂದು. ಮೊದಲನೆಯದನ್ನು ಹಾಕಿದ ಪಿಕಪ್ಪುಗಳ ದನಿಯು ಸಾಮಾನ್ಯವಾಗಿ ಸೌಮ್ಯವೆಂದೂ, ಎರಡನೆಯದರದು ತೀಕ್ಷ್ಣವೆಂದೂ ಹೇಳುವರು.

ಈಗ ಗುಂಯ್ಗುಟ್ಟುವಿಕೆಗೆ ಬರೋಣ. ನಮ್ಮ ಮನೆಗಳ ವಿದ್ಯುತ್ತು ಕ್ಷಣಕ್ಕೆ 50 ಸಲ ಹಿಂದುಮುಂದಾಗುವ ಜಾತಿಯದು. ಗೋಡೆಯೊಳಗಿನ ತಂತಿ, ಟ್ಯೂಬ್‌ಲೈಟಿನ ಚೋಕು, ಫ್ಯಾನಿನ ರೆಗ್ಯುಲೇಟರು, ಆಂಪ್ಲಿಫಯರಿನ ಒಳಗಿನ ಟ್ರಾನ್ಸ್‌ಫಾರ್ಮರು, ಇವೆಲ್ಲ ತಮ್ಮ ಸುತ್ತ ಅದೇ ವೇಗದಲ್ಲಿ ನಡುಗುವ ಕಾಂತಬಲವನ್ನು ಹರಡುತ್ತವೆ. ಒಂಟಿ ಸುರುಳಿಯ ಪಿಕಪ್ಪಿಗೆ ತಂತಿಯ ನಡುಕವಾವುದು, ಚೋಕಿನ ನಡುಕವಾವುದು ಎಂಬ ವಿವೇಕವಿಲ್ಲ. ಎರಡನ್ನೂ ಹಿಡಿದು ಮುಂದಕ್ಕೆ ದಾಟಿಸುವುದು. ಅಮೆರಿಕದ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಯಂತ್ರಜ್ಞನು ಇದಕ್ಕೆ ಒಂದು ಉಪಾಯವನ್ನು ಹೂಡಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ಅದು 1959ರಲ್ಲಿ ದೊರೆಯಿತು. ಆ ಉಪಾಯವನ್ನು ಮನೆಯ ಜಮಾಖರ್ಚಿನ ಪುಸ್ತಕದಿಂದ ತಿಳಿಯಬಹುದು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅವುಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿದರೆ, ಹೊರಗಿನಿಂದ ಬಂದ ಗುಂಯ್‌ಕಾರವನ್ನು ಒಂದು ಸುರುಳಿಯು ಜಮೆಯಾಗಿಯೂ ಇನ್ನೊಂದು ಖರ್ಚಾಗಿಯೂ ಬರೆಯುವುದು, ಒಟ್ಟು ಸೊನ್ನೆ. ಆದರೆ ಹೀಗೆ ಮಾಡಿದರೆ ತಂತಿಯ ನಾದವೂ ಸೊನ್ನೆಯಾಗಬೇಕಷ್ಟೆ? ಅದಕ್ಕಾಗಿ ಒಂದು ಸುರುಳಿಯ ಕೆಳಗೆ ಅಯಸ್ಕಾಂತದ ಉತ್ತರ ಧ್ರುವವನ್ನೂ ಇನ್ನೊಂದರ ಕೆಳಗೆ ದಕ್ಷಿಣ ಧ್ರುವವನ್ನೂ ಇಟ್ಟನು. ಆಗ ತಂತಿಯ ಲೆಕ್ಕವು ಎರಡು ಕಡೆಯೂ ಜಮೆಯೇ ಆಗುವುದು. ಹೊರಗಿನ ಗದ್ದಲಕ್ಕೆ ಅಯಸ್ಕಾಂತದ ಹಂಗಿಲ್ಲದುದರಿಂದ ಅದು ಮಾತ್ರ ಅಳಿಯುವುದು. ಇದನ್ನೇ ಹಂಬಕರ್ ಎನ್ನುವರು. ಇದರ ದನಿಯು ದಪ್ಪ, ಬಲವಾದುದು. ಒಂಟಿ ಸುರುಳಿಯ ಸ್ಫಟಿಕದಂತಹ ಹೊಳಪು ಇದಕ್ಕಿಲ್ಲ.

ಹಾಗಾದರೆ ಬೆಂದೂರಿನ ಹುಡುಗನು ಹಂಬಕರನ್ನು ಕೊಳ್ಳಬೇಕೇ? ಅದಕ್ಕೆ ಮೊದಲು ಅವನು ಮಾಡತಕ್ಕ ಪರೀಕ್ಷೆಗಳುಂಟು. ಗಿಟಾರನ್ನು ಹಿಡಿದುಕೊಂಡು ನಿಂತಲ್ಲೇ ಮೆಲ್ಲನೆ ಒಂದು ಸುತ್ತು ತಿರುಗಲಿ. ಒಂದು ದಿಕ್ಕಿಗೆ ಮುಖಮಾಡಿದಾಗ ಗುಂಯ್‌ಕಾರವು ಬಹುಮಟ್ಟಿಗೆ ಅಡಗಿದರೆ, ಅದು ಸುರುಳಿಯು ಹೊರಗಿನಿಂದ ಹಿಡಿದ ಸದ್ದು. ಅವನು ಕೂರುವ ಜಾಗವನ್ನೂ ಆಂಪ್ಲಿಫಯರಿನ ಜಾಗವನ್ನೂ ಬದಲಿಸಿದರೆ ಅರ್ಧ ಕೆಲಸವಾಯಿತು. ತಂತಿಗಳನ್ನು ಕೈಯಿಂದ ಮುಟ್ಟಿದೊಡನೆ ಸದ್ದು ಕಡಮೆಯಾದರೆ, ಗಿಟಾರಿನ ಒಳಗೆ ಸುತ್ತಲೂ ತಗಡಿನ ರಕ್ಷಣೆ ಸಾಲದೆಂದು ಅರ್ಥ. ತಾಮ್ರದ ಹಾಳೆಯನ್ನು ಒಳಗೋಡೆಗೆ ಅಂಟಿಸಿ, ಅದನ್ನು ಗಿಟಾರಿನ ನೆಲದ ತಂತಿಗೆ ಬೆಸೆದರೆ ಗುಣವಾಗುವುದುಂಟು. ಹಾಗೆಯೇ ಸ್ವಿಚ್ಚನ್ನು ಎರಡು ಪಿಕಪ್ಪುಗಳು ಕೂಡುವ ನೆಲೆಗೆ ತಳ್ಳಿ ನೋಡಲಿ. ಈಚಿನ ಅನೇಕ ಗಿಟಾರುಗಳಲ್ಲಿ ನಡುವಣ ಪಿಕಪ್ಪನ್ನು ತಿರುವುಮುರುವಾಗಿ ಸುತ್ತಿರುವುದರಿಂದ, ಆ ನೆಲೆಯಲ್ಲಿ ಸೆತ್ ಲವರನ ಜಮಾಖರ್ಚು ತಾನಾಗಿಯೇ ನಡೆದು ಸದ್ದು ಅಳಿಯುವುದು. ಇಗರ್ಜಿಯ ಹಾಡಿಗೆ ಆ ನೆಲೆಯ ನಾದವೇ ನಮಗೆ ಹೆಚ್ಚು ಹಿತವೆಂದು ತೋರುತ್ತದೆ.

ಎರಡನೆಯ ದೂರು, ಸ್ವರದ ಅಲುಗಾಟ. ಇದು ಪಿಕಪ್ಪು ಕೆಟ್ಟುದರಿಂದ ಬಂದುದಲ್ಲ. ಅದು ತಂತಿಗೆ ಮಿತಿಮೀರಿ ಹತ್ತಿರವಿರುವುದರಿಂದ ಬಂದುದು. ಅಯಸ್ಕಾಂತವು ತಂತಿಯನ್ನು ತನ್ನೆಡೆಗೆ ಜಗ್ಗಿ ಅದರ ಸಹಜವಾದ ಓಲಾಟವನ್ನು ಕೆಡಿಸುತ್ತದೆ. ದಪ್ಪ ತಂತಿಗೆ ಉಕ್ಕು ಹೆಚ್ಚಾದುದರಿಂದ ಜಗ್ಗಾಟವೂ ಹೆಚ್ಚು. ಮೇಲಿನ ಮೆಟ್ಟಿಲಿನಲ್ಲಿ ಒತ್ತಿದಾಗ ತಂತಿಯು ಪಿಕಪ್ಪಿಗೆ ಇನ್ನೂ ಸಮೀಪಿಸುವುದರಿಂದ ಅಲ್ಲಿಯೇ ರೋಗವು ಕಾಣಿಸುವುದು. ಹೆಚ್ಚು ದನಿ ಬೇಕೆಂದು ಪಿಕಪ್ಪನ್ನು ಮೇಲೆ ಮೇಲೆ ಏರಿಸಿದವರಿಗೆಲ್ಲ ಈ ಶಿಕ್ಷೆ ತಪ್ಪದು.

ಸರಿಪಡಿಸುವ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುವೆವು. ಮೊದಲು ತುಕ್ಕು ಹಿಡಿದ ತಂತಿಗಳನ್ನು ತೆಗೆದು ಹೊಸವನ್ನು ಹಾಕಿ, ಬಿರಡೆಗಳನ್ನು ತಿರುಗಿಸಿ ಶ್ರುತಿಗೊಳಿಸತಕ್ಕದ್ದು. ಹಳೆಯ ತಂತಿಯ ಮೇಲೆ ಮಾಡಿದ ಅಳತೆಯೆಲ್ಲ ವ್ಯರ್ಥ. ಅನಂತರ ದಪ್ಪ ತಂತಿಯನ್ನು ಕೊನೆಯ ಮೆಟ್ಟಿಲಿನಲ್ಲಿ ಒತ್ತಿ ಹಿಡಿದು, ಪಿಕಪ್ಪಿನ ಕಂಬದ ತಲೆಯಿಂದ ತಂತಿಯ ಕೆಳಮೈಯವರೆಗೆ ಅಳೆಯಬೇಕು. ಒಂಟಿ ಸುರುಳಿಯ ಸಾಧಾರಣ ಪಿಕಪ್ಪಿಗೆ ಈ ಅಂತರವು ದಪ್ಪ ತಂತಿಯ ಕಡೆ ಸುಮಾರು 2.4 ಮಿಲಿಮೀಟರ್, ಸಣ್ಣ ತಂತಿಯ ಕಡೆ 2 ಮಿಲಿಮೀಟರ್ ಇರಲಿ. ಹಂಬಕರಿನ ಅಯಸ್ಕಾಂತದ ಎಳೆತ ಕಡಿಮೆ, ಅದಕ್ಕೆ 1.6 ಮಿಲಿಮೀಟರ್ ಸಾಕು. ಪಿಕಪ್ಪಿನ ಎರಡು ತುದಿಗಳಲ್ಲಿ ಎರಡು ತಿರುಪುಗಳಿರುವುವು. ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಸಾಮಾನ್ಯವಾಗಿ ಪಿಕಪ್ಪು ಏರುವುದು, ಎದುರಾಗಿ ತಿರುಗಿಸಿದರೆ ಇಳಿಯುವುದು. ಒಂದು ಸಲಕ್ಕೆ ಅರ್ಧ ಸುತ್ತಿಗಿಂತ ಹೆಚ್ಚು ಬೇಡ. ತಿರುಗಿಸಿ, ನುಡಿಸಿ, ಕೇಳಿ, ಮತ್ತೆ ತಿರುಗಿಸಿ.

ಈ ಅಂಕಿಗಳು ಹೊರಡುವ ಸ್ಥಳವೇ ಹೊರತು ಸೇರುವ ಸ್ಥಳವಲ್ಲ. ಸಾಂಬಾರಿಗೆ ಉಪ್ಪಿನ ಅಳತೆಯನ್ನು ಪುಸ್ತಕವು ಹೇಳಿದರೂ ಕಡೆಗೆ ನಾಲಿಗೆಯೇ ಪ್ರಮಾಣ. ಪಿಕಪ್ಪನ್ನು ಇಳಿಸಿದಂತೆ ದನಿಯು ತಗ್ಗುವುದು ನಿಜ. ಆದರೆ ಸ್ವರವು ಬಿಡಿಸಿಕೊಂಡು, ಉಸಿರಾಡುತ್ತ, ಹೆಚ್ಚು ಹೊತ್ತು ನಿಲ್ಲುವುದು. ತಗ್ಗಿದ ದನಿಯನ್ನು ಆಂಪ್ಲಿಫಯರಿನ ಗುಂಡಿಯನ್ನು ತಿರುಗಿಸಿ ಹಿಂದಕ್ಕೆ ಪಡೆಯಬಹುದು. ಕೆಟ್ಟ ಸ್ವರವನ್ನು ಯಾವ ಗುಂಡಿಯೂ ಸರಿಪಡಿಸದು.

ಮೂರನೆಯ ದೂರಿನ ಮದ್ದೂ ಇಲ್ಲಿಯೇ ಇದೆ. ದಂಡಿಯ ಕಡೆಯ ಪಿಕಪ್ಪಿನ ಮೇಲೆ ತಂತಿಯ ಓಲಾಟವು ದೊಡ್ಡದೆಂದು ಹೇಳಿದೆವಷ್ಟೆ. ಎಲ್ಲವನ್ನೂ ಒಂದೇ ಎತ್ತರಕ್ಕೆ ನಿಲ್ಲಿಸಿದರೆ ಅದು ಅಬ್ಬರಿಸುವುದೂ ಕುದುರೆಯ ಕಡೆಯದು ಸೊರಗುವುದೂ ಸಹಜ. ಆದುದರಿಂದ ಕುದುರೆಯ ಕಡೆಯದನ್ನು ಮೊದಲು ನಿಶ್ಚಯಿಸಿ, ಸ್ವಿಚ್ಚನ್ನು ಹಿಂದೆ ಮುಂದೆ ತಳ್ಳುತ್ತ, ಉಳಿದುವನ್ನು ಅದರ ಮಟ್ಟಕ್ಕೆ ಇಳಿಸತಕ್ಕದ್ದು. ಇದನ್ನು ಮಾಡುವಾಗ ಇನ್ನೊಬ್ಬರು ಕೋಣೆಯ ಆಚೆ ಕುಳಿತು ಕೇಳುವುದು ಒಳ್ಳೆಯದು. ಆ ತಾಯಿಯವರೇ ಕುಳಿತರೆ ಇನ್ನೂ ಒಳ್ಳೆಯದು. ಮೈದುನರ ದನಿಯು ಅವರ ಕಿವಿಯಲ್ಲಿದೆ, ಹುಡುಗನ ಕಿವಿಯಲ್ಲಿಲ್ಲ.

ಒಂದು ಎಚ್ಚರಿಕೆ: ಮೆಟ್ಟಿಲುಗಳನ್ನು ಹೊಳೆಯಿಸಲು ಉಕ್ಕಿನ ನಾರನ್ನು ಉಜ್ಜುವವರು ಪಿಕಪ್ಪಿನ ಮೇಲೆ ಮೊದಲು ಕಾಗದವನ್ನು ಅಂಟಿಸಬೇಕು. ಆ ಪುಡಿಯು ಅಯಸ್ಕಾಂತಕ್ಕೆ ಕಚ್ಚಿಕೊಂಡರೆ ಬಿಡಿಸುವುದು ಬಲು ಪ್ರಯಾಸ.

ಹೊಸದನ್ನೇ ಕೊಳ್ಳುವ ಮನೆಗಳಿಗೂ ಎರಡು ಮಾತು ಹೇಳಬೇಕು. ಯಾವ ಪಿಕಪ್ಪು ಒಳ್ಳೆಯದೆಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ಸಂಗೀತಕ್ಕೆ ಎಂದು ಕೇಳಿದರೆ ಉಂಟು. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಭೆಯ ತರುವಾಯ ಪೂಜೆಯ ಹಾಡುಗಳು ಜನರ ಮಾತಿಗೆ ಬಂದು, ಗಿಟಾರಿಗೂ ಇಗರ್ಜಿಗಳಲ್ಲಿ ಎಡೆ ದೊರೆಯಿತು. ಅಲ್ಲಿ ಗಿಟಾರು ಹಾಡುವವರ ಹಿಂದೆ ನಿಲ್ಲತಕ್ಕುದು. ಒಂಟಿ ಸುರುಳಿಯ ತಿಳಿಯಾದ ನಾದವು ಅಕ್ಷರಗಳನ್ನು ಮುಚ್ಚುವುದಿಲ್ಲ. ರೋಸಿನ ಮನೆಯಲ್ಲಿ, ಮದುವೆಯ ಸಭೆಯಲ್ಲಿ ಕುಣಿತಕ್ಕೆ ತಾಳ ಹಾಕುವ ಗಿಟಾರಿಗೂ ಅದೇ ಹೊಳಪು ಬೇಕು. ವಿಲ್ಫಿ ರೆಬಿಂಬಸರ (1942–2010) ಕೊಂಕಣಿ ಹಾಡುಗಳನ್ನು ಕೇಳಿ ಬೆಳೆದವರಿಗೆ, 1986ರಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆಯ ಶಕ್ತಿನಗರದ ಕಲಾಂಗಣದಲ್ಲಿ ಕುಳಿತು ಕೇಳಿದವರಿಗೆ, ಹಾಡು ಮುಂದಿದ್ದು ವಾದ್ಯ ಹಿಂದಿರುವುದರ ಸೊಗಸು ಗೊತ್ತು. ಕಾಲೇಜಿನ ಹುಡುಗರ ಅಬ್ಬರದ ಸಂಗೀತವು ಬೇರೆ; ಅದಕ್ಕೆ ಹಂಬಕರೇ ತಕ್ಕುದು, ಕುದುರೆಯ ಕಡೆಯದನ್ನು ಬಳಸಲಿ. ರಾಗಗಳನ್ನು ನುಡಿಸುವವರಿಗೆ ದಂಡಿಯ ಕಡೆಯ ಹಂಬಕರನ್ನು, ಟೋನಿನ ಗುಂಡಿಯನ್ನು ಸ್ವಲ್ಪ ಇಳಿಸಿ ಬಳಸುವಂತೆ ಹೇಳುವೆವು. ತಂತಿಯನ್ನು ಎಳೆದು ಗಮಕವನ್ನು ತೆಗೆಯುವಾಗ ಸ್ವರವು ಮುರಿಯದೆ ದುಂಡಗೆ ಬರುವುದು. ಪರದೇಶದ ವಾದ್ಯವನ್ನು ನಮ್ಮ ನಾದಕ್ಕೆ ಬಗ್ಗಿಸುವುದು ಈ ಊರಿಗೆ ಹೊಸತಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮರುಳಾದ ಕದ್ರಿ ಗೋಪಾಲನಾಥರು (1949–2019) ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ವರ್ಷಗಟ್ಟಲೆ ಶ್ರಮಿಸಿದುದು ಎಲ್ಲರಿಗೂ ತಿಳಿದಿದೆ.

ಪಿಕಪ್ಪನ್ನು ಬದಲಿಸಿದರೆ ದನಿಯ ಗುಂಡಿಗಳನ್ನೂ ನೋಡಬೇಕು. ಒಂಟಿ ಸುರುಳಿಗೆ 250 ಕಿಲೋಓಮಿನವು, ಹಂಬಕರಿಗೆ 500ರವು ರೂಢಿ. 250ರ ಗುಂಡಿಯನ್ನೇ ಬಿಟ್ಟು ಹಂಬಕರನ್ನು ಕೂಡಿಸಿದರೆ ದನಿಯು ಕಂಬಳಿ ಹೊದ್ದಂತೆ ಮಂಕಾಗುವುದು, ಬೈಗುಳವು ಪಿಕಪ್ಪಿಗೆ. ಆಂಪ್ಲಿಫಯರಿನವರೆಗಿನ ಕೇಬಲು ಉದ್ದವಾದಷ್ಟೂ ಹೊಳಪು ಸೋರಿಹೋಗುವುದೆಂಬುದನ್ನೂ ಮರೆಯಬಾರದು. ಮೂರು ಮೀಟರಿನಲ್ಲಿ ಆಗುವ ಕೆಲಸಕ್ಕೆ ಹತ್ತು ಮೀಟರನ್ನು ಎಳೆಯುವುದೇಕೆ?

ಪಿಕಪ್ಪು ನಿಜವಾಗಿ ಸತ್ತಿದೆಯೇ ಎಂದು ತಿಳಿಯಲು ರೇಡಿಯೋ ರಿಪೇರಿಯವರ ಬಳಿಯ ಮಲ್ಟಿಮೀಟರು ಸಾಕು. ಗಿಟಾರಿನಲ್ಲಿ ಕೇಬಲನ್ನು ಚುಚ್ಚಿ, ಗುಂಡಿಗಳನ್ನು ಪೂರ್ತಿ ತೆರೆದು, ಒಂದೊಂದೇ ಪಿಕಪ್ಪನ್ನು ಆರಿಸಿ ಕೇಬಲಿನ ಇನ್ನೊಂದು ತುದಿಯಲ್ಲಿ ರೋಧವನ್ನು ಅಳೆಯಲಿ. 5ರಿಂದ 9 ಕಿಲೋಓಮಿನೊಳಗೆ ಬಂದರೆ ಸಾಮಾನ್ಯವಾಗಿ ಅದು ಬದುಕಿದೆ. ನೂರಾರು ಕಿಲೋಓಮ್ ತೋರಿಸಿದರೆ ಸುರುಳಿಯು ಎಲ್ಲಿಯೋ ಕಡಿದಿದೆ. ನಮ್ಮ ಕರಾವಳಿಯ ಉಪ್ಪುಗಾಳಿಗೂ ಜೂನಿನಿಂದ ಸೆಪ್ಟೆಂಬರಿನವರೆಗಿನ ತೇವಕ್ಕೂ ಆ ಕೂದಲೆಳೆಯ ತಾಮ್ರವು ಹಸುರುಗಟ್ಟಿ ತುಂಡಾಗುವುದುಂಟು. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ಒರಗಿಸಿಡಬಾರದು. ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನಿಟ್ಟು, ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರಸಿಡಬೇಕು. ಕಡಿದ ಸುರುಳಿಯನ್ನು ಮತ್ತೆ ಸುತ್ತಿಸಲೂ ಬರುವುದು. ಬೆಂದೂರಿನ ಗಿಟಾರಿನಲ್ಲಿ ಹಾಗೇನಾದರೂ ಕಂಡುಬಂದರೂ ಹಳೆಯ ಪಿಕಪ್ಪನ್ನು ಎಸೆಯಬೇಡಿರೆಂದು ನಮ್ಮ ವಿನಂತಿ. ಕಾಗದದಲ್ಲಿ ಸುತ್ತಿ, ತೆಗೆದ ತಾರೀಕನ್ನು ಬರೆದು, ಪೆಟ್ಟಿಗೆಯಲ್ಲಿಟ್ಟರೆ ಎಂದಾದರೂ ಮರಳಿ ಕೂಡಿಸಬಹುದು.

ಕಾಗದದಲ್ಲಿ ಅವರು ಕೇಳದ, ಆದರೆ ನಾವು ಹೇಳಲೇಬೇಕಾದ ಸಂಗತಿಯೊಂದಿದೆ. ಗುಂಯ್‌ಕಾರವನ್ನು ಅಡಗಿಸಲು ಆಂಪ್ಲಿಫಯರಿನ ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಯನ್ನು ಕಿತ್ತುಹಾಕುವ ಒಂದು ದುಷ್ಟ ಪದ್ಧತಿಯು ಬಳಕೆಯಲ್ಲಿದೆ. ಗಿಟಾರಿನ ಉಕ್ಕಿನ ತಂತಿಗಳು ಕುದುರೆಯ ಮೂಲಕ, ಕೇಬಲಿನ ಮೂಲಕ, ಆಂಪ್ಲಿಫಯರಿನ ಮೈಗೆ ಸೇರಿರುತ್ತವೆ. ಅಲ್ಲಿಂದ ಆ ಕಡ್ಡಿಯು ಅವುಗಳನ್ನು ಭೂಮಿಗೆ ಸೇರಿಸುತ್ತದೆ. ಕಡ್ಡಿಯಿಲ್ಲದೆ ಆಂಪ್ಲಿಫಯರಿನೊಳಗೆ ಎಲ್ಲಿಯಾದರೂ 230 ವೋಲ್ಟಿನ ತಂತಿಯು ಮೈಗೆ ತಗುಲಿದರೆ, ಅದು ನೇರವಾಗಿ ಹುಡುಗನ ಬೆರಳುಗಳಿಗೆ ಬರುವುದು. ಅವನ ತುಟಿಯ ಮುಂದಿನ ಮೈಕು ಭೂಮಿಗೆ ಸೇರಿದ್ದರೆ ಕೈಯಿಂದ ಬಾಯಿಗೆ ಹಾಯುವುದು. 1972ರ ಮೇ 3ರಂದು ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ ಲೆಸ್ ಹಾರ್ವಿ ಎಂಬ ಗಿಟಾರುವಾದಕನು ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟನು. ನಮ್ಮಲ್ಲಿ ಮಳೆಗಾಲದ ಚಪ್ಪರ, ಒದ್ದೆ ನೆಲ, ಬರಿಗಾಲು.

ಆದುದರಿಂದ ಮೊಂತಿ ಹಬ್ಬಕ್ಕೆ ಮೊದಲು ಆ ಮನೆಯವರು ಪಿಕಪ್ಪಿಗಾಗಿ ತೆಗೆದಿಡಬೇಕೆಂದಿದ್ದ ಹಣದಲ್ಲಿ ಒಂದು ಸಣ್ಣ ಪಾಲನ್ನು ಒಬ್ಬ ಎಲೆಕ್ಟ್ರಿಶಿಯನಿಗೆ ಕೊಟ್ಟು, ಮನೆಯ ಅರ್ತಿಂಗನ್ನೂ ಆಂಪ್ಲಿಫಯರಿನ ಪ್ಲಗ್ಗನ್ನೂ ಪರೀಕ್ಷೆ ಮಾಡಿಸಲಿ. ಮೈನ್ ಸ್ವಿಚ್ಚಿನ ಬಳಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದಿದ್ದರೆ ಹಾಕಿಸಲಿ. ಇಗರ್ಜಿಯಲ್ಲಿ ಮೈಕಿಗೂ ಗಿಟಾರಿಗೂ ಒಂದೇ ಸಾಕೆಟ್ಟಿನಿಂದ ಕರೆಂಟು ತೆಗೆಯುವಂತೆ ಧ್ವನಿವರ್ಧಕದವರಿಗೆ ಹೇಳಲಿ. ಅಮೆರಿಕದಿಂದ ತಂದ 120 ವೋಲ್ಟಿನ ಆಂಪ್ಲಿಫಯರುಗಳನ್ನು ಇಲ್ಲಿ ಬಳಸುವ ಬಗೆಯನ್ನು ಕಂಕನಾಡಿಯ ವಾಚಕರೊಬ್ಬರು ಕೇಳಿದ್ದಾರೆ. ಸ್ಥಳವಿಲ್ಲದುದರಿಂದ ಅದನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡಿದ್ದೇವೆ. ಅಷ್ಟರವರೆಗೆ ಅವರು ಅದನ್ನು ಗೋಡೆಯ ಸಾಕೆಟ್ಟಿಗೆ ನೇರವಾಗಿ ಚುಚ್ಚದಿರಲಿ.